ರಿಜಿಸ್ಟರಿನಲ್ಲಿ ಕೋತಿಯ ಹೆಸರು

ಸಂದರ್ಶಕರ ರಿಜಿಸ್ಟರ್ ತಿರುವುತ್ತಿದ್ದ ಕಸ್ಟಮ್ಸ್ ಅಧಿಕಾರಿ ಒಂದು ಪುಟದಲ್ಲಿ ನಿಂತುಬಿಟ್ಟರು. ಆಮೇಲೆ ಗಟ್ಟಿಯಾಗಿ ಓದಿದರು: ‘ಹೆಸರು, ಕೋತಿ. ಊರು, ಬಂಡೀಪುರದ ಕಡೆ. ಬಂದ ಕಾರಣ, ಊಟ. ಒಳಗಿದ್ದದ್ದು, ಹತ್ತು ನಿಮಿಷ.’

ನಾನೂ ಬಗ್ಗಿ ಆ ಪುಟ ನೋಡಿದೆ. ಗುಂಡ್ಲುಪೇಟೆಯ ನಮ್ಮ ಅರಿಸಿನ ಗೋದಾಮಿನ ಭದ್ರತೆ ಪರೀಕ್ಷಿಸಲೆಂದೇ ಅವರು ಬಂದಿದ್ದರು. ಸರ್ಕಾರ ಕೊಡುವ ‘ನಂಬಿಕಸ್ಥ ರಫ್ತುದಾರ’ ಎಂಬ ಮಾನ್ಯತೆ ಸಿಕ್ಕರೆ ನಮ್ಮ ಕಂಟೇನರುಗಳು ಬಂದರಿನಲ್ಲಿ ದಿನಗಟ್ಟಲೆ ಕಾಯುವುದು ತಪ್ಪುತ್ತಿತ್ತು. ಮ್ಯಾನೇಜರ್ ಆದ ನಾನು ಅದಕ್ಕಾಗಿ ತಿಂಗಳುಗಟ್ಟಲೆ ಓಡಾಡಿದ್ದೆ.

ಬೇಗೂರಿನವರಾದ ನಮ್ಮ ವಾಚ್‌ಮನ್ ಮಾದಪ್ಪ ಕೈಕಟ್ಟಿ ನಿಂತು, ನನ್ನ ಕಡೆ ನೋಡುತ್ತ, “ಒಳೀಕೆ ಯಾರ್ ಬಂದ್ರೂ ಬರೀಬೇಕು ಅಂತ ಮೇಡಮ್ಮೋರೇ ಯೋಳವ್ರೆ ಸಾ. ಅದೂ ಬಂದಿತ್ತು, ಬರ್ದ್‌ಬುಟ್ಟೆ” ಎಂದರು.

ಅಧಿಕಾರಿ ನಗಲಿಲ್ಲ. “ಗೇಟಿನಿಂದಲೇ ಬಂತಾ?” ಎಂದು ಕೇಳಿದರು.

“ಇಲ್ಲ ಸಾ, ಬನ್ನಿ ತೋರುಸ್ತೀನಿ.”

ಮೂಟೆಗಳ ರಾಶಿಯ ಹಿಂದೆ ಚಾವಣಿಯ ಶೀಟೊಂದು ಸರಿದು, ಆಳೊಬ್ಬ ನುಸುಳುವಷ್ಟು ಕಿಂಡಿಯಾಗಿತ್ತು. ನಾವು ಹಾಕಿಸಿದ್ದ ಆರು ಕ್ಯಾಮೆರಾಗಳಲ್ಲಿ ಒಂದೂ ಅತ್ತ ತಿರುಗಿರಲಿಲ್ಲ. ಕಿಂಡಿ ಮುಚ್ಚಿಸಬೇಕು ಎಂದು ಬರೆದುಕೊಂಡ ಅಧಿಕಾರಿ, ಅದರ ಕೆಳಗೇ ‘ರಿಜಿಸ್ಟರ್ ನಿರ್ವಹಣೆ ಉತ್ತಮ’ ಎಂದೂ ಸೇರಿಸಿದರು. ಕಿಂಡಿ ಮುಚ್ಚಿಸಿದೆವು. ಕೆಲವು ವಾರಗಳಲ್ಲಿ ಮಾನ್ಯತೆಯೂ ಬಂತು.

ಆಫೀಸಿನಲ್ಲಿ ಈಗಲೂ ಈ ಕಥೆ ಹೇಳಿಕೊಂಡು ಎಲ್ಲರೂ ನಗುತ್ತಾರೆ. ನನಗೆ ಮಾತ್ರ ಪೂರ್ತಿ ನಗಲು ಆಗುವುದಿಲ್ಲ. ಕೋತಿ ಬಂದು ಹೋದದ್ದು ಅಧಿಕಾರಿ ಬರುವ ಮೂರು ವಾರ ಮೊದಲು. ಆ ಪುಟದ ಕೆಳಗೆ ‘ಪರಿಶೀಲಿಸಿದೆ’ ಎಂದು ಬರೆದು ಸಹಿ ಹಾಕಿದ್ದವಳು ನಾನೇ.