ಲೈನ್‌ಮ್ಯಾನ್ ತಾತನ ಎದೆ ನಡುಗಿಸಿದ ಮೆಟ್ಟಿಲು

ಕಂಬ ಹತ್ತಿ ಬದುಕು ಸಾಗಿಸಿದವರು ಅವರು. ಕರೆಂಟ್ ಇಲಾಖೆಯಿಂದ ನಿವೃತ್ತರಾಗಿ ಎಷ್ಟೋ ವರ್ಷಗಳಾಗಿದ್ದರೂ ಬೀದಿಯವರ ಬಾಯಲ್ಲಿ ಇಂದಿಗೂ ಲೈನ್‌ಮ್ಯಾನ್ ತಾತ. ಬಿರುಗಾಳಿಯಲ್ಲಿ ಒದ್ದೆ ಕಂಬದ ತುದಿಗೆ ಜೋತುಬಿದ್ದು ತಂತಿ ಬಿಗಿದ ಮನುಷ್ಯನಿಗೆ, ಎಪ್ಪತ್ತು ದಾಟಿದ ಮೇಲೆ ಒಂದೇ ಒಂದು ಮೆಟ್ಟಿಲು ಕಂಡರೆ ಎದೆ ಡವಡವ ಎನ್ನತೊಡಗಿತು.

ಆ ಮೆಟ್ಟಿಲು ಇದ್ದದ್ದು ರಸ್ತೆಯಾಚೆ, ಬಡಾವಣೆಯವರೆಲ್ಲ ಸೇರಿ ತರಕಾರಿ ಬೆಳೆಯುವ ತೋಟದ ಗೇಟಿನಲ್ಲಿ. ಮೊಣಕಾಲೆತ್ತರದ ಕಲ್ಲು, ಅಂಚು ಸವೆದು ನುಣುಪಾಗಿತ್ತು, ಹಿಡಿದುಕೊಳ್ಳಲು ಏನೂ ಇರಲಿಲ್ಲ. ಒಂದು ಬೆಳಿಗ್ಗೆ ತಾತ ರಸ್ತೆ ದಾಟುವಾಗ ಲಾರಿಯೊಂದು ಕಿವಿ ಹರಿಯುವಂತೆ ಹಾರ್ನ್ ಹೊಡೆಯಿತು. ಕಾಲು ನೆಲಕ್ಕೆ ಅಂಟಿಕೊಂಡಿತು. "ಏನಜ್ಜ, ಮನೇಲಿ ಹೇಳಿ ಬಂದಿದ್ದೀಯಾ?" ಎಂದು ಡ್ರೈವರ್ ಗದರಿಕೊಂಡು ಹೋದ. ಹೇಗೋ ಆಚೆ ಸೇರಿ ಮೆಟ್ಟಿಲ ಮೇಲೆ ಕಾಲಿಟ್ಟರೆ ಮೊಣಕಾಲು ಗಡಗಡ ನಡುಗಿತು. ಬಿದ್ದರೆ? ಸೊಂಟ ಮುರಿದು ಹಾಸಿಗೆ ಹಿಡಿದರೆ? ಗೇಟು ಮುಟ್ಟಿ ಹಿಂದಿರುಗಿದರು.

ಹೆಂಡತಿಗೆ ನಿಜ ಹೇಳಲಿಲ್ಲ. "ಬದನೆಗೆ ಹುಳ ಬಿದ್ದಿದೆ ಕಣೇ, ಸ್ವಲ್ಪ ದಿನ ಆ ಕಡೆ ತಲೆ ಹಾಕೋದು ಬೇಡ."

"ನಾವು ಮನೇಲಿ ಕೂತ್ರೆ ಹುಳ ನಾಚಿಕೊಂಡು ಹೋಗತ್ತಾ?" ಎಂದರು ಅಜ್ಜಿ.

ವಾರ ಕಳೆದಿರಬೇಕು. ತಾತ ಮಧ್ಯಾಹ್ನದ ನಿದ್ದೆಯಿಂದ ಎದ್ದಾಗ ಮನೆ ಬಿಕೋ ಎನ್ನುತ್ತಿತ್ತು. ಬಾಗಿಲಲ್ಲಿ ಅಜ್ಜಿಯ ಚಪ್ಪಲಿ ಇರಲಿಲ್ಲ, ನೀರಿನ ಕ್ಯಾನೂ ಇರಲಿಲ್ಲ. ತೋಟದ ಕಡೆಯ ಕಿಟಕಿಯಿಂದ ಕೂಗಿದರು. ಉತ್ತರವಿಲ್ಲ. ಚಪ್ಪಲಿ ಮೆಟ್ಟಿ ಹೊರಬಿದ್ದರು.

ರಸ್ತೆಯಲ್ಲಿ ಸಂಜೆಯ ವಾಹನಗಳು ಬಿಡುವಿಲ್ಲದೆ ನುಗ್ಗುತ್ತಿದ್ದವು. ಒಂದು ಹೆಜ್ಜೆ ಇಟ್ಟರು, ಹಿಂದೆ ಸರಿದರು. ಮತ್ತೆ ಇಟ್ಟರು, ಮತ್ತೆ ಸರಿದರು. ಕೊನೆಗೆ ಕೈ ಮೇಲೆತ್ತಿ, ಅರ್ಧ ಕಣ್ಣು ಮುಚ್ಚಿ ನಡೆದೇಬಿಟ್ಟರು. ಸ್ಕೂಟರೊಂದು ಅಂಗಿ ಸವರಿಕೊಂಡು ಹೋಯಿತು. ಅಂತೂ ಆಚೆ ತಲುಪಿದರು. ಕ್ಯಾನು ಮೆಟ್ಟಿಲ ಬಳಿ ಮಗುಚಿಬಿದ್ದಿತ್ತು. ಕಲ್ಲಿನ ಮೇಲೆಲ್ಲ ನೀರು. ಎರಡೂ ಕೈಯೂರಿ, ಅಂಬೆಗಾಲಿನ ಮಗುವಿನಂತೆ ಅದನ್ನು ಹತ್ತಿದರು.

ಒಳಗೆ ಗೋಡೆಗೊರಗಿ ಅಜ್ಜಿ ಕೂತಿದ್ದರು. ಮುಖ ಬಿಳಿಚಿಕೊಂಡಿತ್ತು, ಮಣಿಕಟ್ಟು ಊದಿಕೊಂಡಿತ್ತು.

"ಕಲ್ಲಿನ ಮೇಲೆ ಜಾರಿದೆ. ಕೂಗಿದೆ ರೀ. ಗಾಡಿ ಸದ್ದಲ್ಲಿ ಯಾರಿಗೆ ಕೇಳಬೇಕು?" ಎಂದರು. ಆಮೇಲೆ ಮೆಲ್ಲಗೆ, "ಬದನೆ ನೋಡಿದೆ. ಹುಳ ಗಿಳ ಏನೂ ಇಲ್ಲ. ನಿಮಗೆ ಭಯ ಆಗಿತ್ತು, ಅಲ್ವಾ?"

ತಾತ ಹೌದೆಂದು ತಲೆಯಾಡಿಸಿದರು. ಅಜ್ಜಿಯನ್ನು ಎಬ್ಬಿಸಲು ಹೋದರೆ ಇಬ್ಬರೂ ಉರುಳುತ್ತೇವೇನೋ ಎಂಬ ದಿಗಿಲು. ಸೊಪ್ಪಿಗೆ ನೀರು ಹಾಕಲು ಬೀದಿಯ ಇಸ್ತ್ರಿ ಅಂಗಡಿಯವನು ಬರುವವರೆಗೂ ಪಕ್ಕದಲ್ಲೇ ಕೂತು ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು.

ಅವನೇ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದ. ಮೂಳೆ ಬಿರುಕು ಬಿಟ್ಟಿತ್ತು. ಅಜ್ಜಿಯ ಕೈಗೆ ಪಟ್ಟಿ ಬಿತ್ತು. ಮಗಳು ಓಡಿಬಂದು, "ಇನ್ಮೇಲೆ ತೋಟದ ಸುದ್ದಿ ಎತ್ತಿದ್ರೆ ನೋಡಿ" ಎಂದಳು. ತಾತನಿಗೆ ಒಳಗೊಳಗೇ ನಿರಾಳವಾಯಿತು. ಆ ನಿರಾಳಕ್ಕೆ ನಾಚಿಕೆಯೂ ಆಯಿತು. ಅಜ್ಜಿ ಮಾತ್ರ ದಿನವೂ ಕಿಟಕಿಯಲ್ಲಿ ನಿಂತು ಆ ಕಡೆಯೇ ನೋಡುತ್ತಿದ್ದರು.

ತೋಟದವರ ಸಭೆಯನ್ನು ತಾತ ತಮ್ಮ ಜಗಲಿಗೇ ಕರೆದರು. "ಕಲ್ಲಿಗೆ ಹಳದಿ ಬಣ್ಣ ಬಳಿದರಾಯ್ತು ಬಿಡಿ" ಎಂದರು ನಿವೃತ್ತ ಮೇಷ್ಟ್ರು.

ತಾತ ಎದ್ದು ನಿಂತರು. "ಬಣ್ಣ ಬಳಿದ್ರೆ ಸಾಲದು ಮೇಷ್ಟ್ರೇ. ನನಗೆ ಹೆದರಿಕೆ ಆಗತ್ತೆ. ಆ ರಸ್ತೆ ಕಂಡ್ರೆ, ಆ ಮೆಟ್ಟಿಲು ಕಂಡ್ರೆ."

ಯಾರೂ ನಗಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಮಳೆ ಬಂದಾಗೆಲ್ಲ ನೆಗಡಿ ಅಂತ ತೋಟ ತಪ್ಪಿಸ್ತೀನಲ್ಲ, ಅದು ಸುಳ್ಳು. ಆ ಕಲ್ಲು ಕಂಡ್ರೆ ನನಗೂ ಹೆದರಿಕೆ" ಎಂದರು.

ವಾರ್ಡ್ ಕಚೇರಿಗೆ ಅಲೆದೂ ಅಲೆದೂ ಸಾಕಾಗಿಹೋಯಿತು. ಅಂತೂ ಇಂತೂ ಕಲ್ಲು ಕಿತ್ತು ಇಳಿಜಾರು ಮಾಡಿದರು, ಪಕ್ಕಕ್ಕೆ ಕಬ್ಬಿಣದ ಕಂಬಿ ಹಾಕಿದರು. ರಸ್ತೆಗೆ ಉಬ್ಬು ಬಂತು, ಬಿಳಿ ಪಟ್ಟಿ ಬಂತು. ಬಗ್ಗಲಾರದವರಿಗೆಂದು ಒಂದೆರಡು ಪಾತಿಗಳನ್ನು ಸೊಂಟದೆತ್ತರಕ್ಕೆ ಕಟ್ಟಿದರು.

ಭಯ ಹೋಯಿತೆಂದಲ್ಲ. ಉಬ್ಬಿನ ಮುಂದೆಯೂ ನಿಲ್ಲಿಸದೆ ನುಗ್ಗುವವರು ಇದ್ದೇ ಇದ್ದಾರೆ. ಈಗ ದಂಪತಿಗಳು ಜೊತೆಯಾಗಿಯೇ ಹೋಗುತ್ತಾರೆ. "ಇವತ್ತು ಕಾಲು ನಡುಗ್ತಿದೆ ಕಣೇ" ಎಂದು ತಾತ ಬಾಯಿಬಿಟ್ಟೇ ಹೇಳುತ್ತಾರೆ. "ನಿಲ್ಲಿ, ಈ ಗಾಡಿ ಹೋಗ್ಲಿ" ಎನ್ನುತ್ತಾರೆ ಅಜ್ಜಿ. ಇಬ್ಬರೂ ನಿಲ್ಲುತ್ತಾರೆ.