ಕಾಲೊನಿಯ ಕ್ಯಾನು

ಅಜ್ಜಂಪುರಕ್ಕೆ ಹತ್ತಿರದ ನಮ್ಮೂರ ಡೈರಿಯಲ್ಲಿ ಹಾಲು ಅಳೆಯುವವನು ನಾನು. ಮೊದಲು ಊರವರ ಹಾಲು ಅಳೆದು, ಕಡೆಗೆ ದಲಿತರ ಕಾಲೊನಿಯದನ್ನು ಬೇರೆ ಕ್ಯಾನಿಗೆ ಹಾಕಿಸಿಕೊಳ್ಳುತ್ತಿದ್ದೆ. ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದ್ದರಿಂದಲೇ ಯಾರೂ ಮುರಿದಿರಲಿಲ್ಲ. ಮುಂದೆ ಎರಡು ಕ್ಯಾನಿನ ಹಾಲೂ ಒಂದೇ ಟ್ಯಾಂಕರಿಗೆ ಬೀಳುತ್ತಿತ್ತು. ಅದು ಊರು ದಾಟಿದ ಮೇಲಿನ ವಿಷಯ, ನಮಗೆ ಸಂಬಂಧವಿರಲಿಲ್ಲ.

ಕಾಲೊನಿಯ ಒಬ್ಬ ಅಕ್ಕನಿಗೆ ಇದ್ದದ್ದು ಒಂದೇ ಹಸು, ಮನೆ ನಡೆಯುತ್ತಿದ್ದದ್ದೂ ಅದರಿಂದಲೇ. ಬೇಸಿಗೆಯಲ್ಲಿ ಸರದಿ ಕಾಯುತ್ತ ಅವಳ ಹಾಲು ಎರಡು ಸಲ ಹುಳಿಯಾಗಿ, ನಾನೇ ವಾಪಸು ಕಳಿಸಿದ್ದೆ. ಅವಳನ್ನು ಸಾಲಿನ ಕೊನೆಗೆ ನಿಲ್ಲಿಸಿದವನೂ ನಾನೇ.

ಆ ವರ್ಷ ದೇಶದೇಶಗಳ ನಡುವೆ ದೊಡ್ಡ ವ್ಯಾಪಾರ ಒಪ್ಪಂದವಾಗುತ್ತದೆ, ಸುಂಕವಿಲ್ಲದೆ ಹೊರದೇಶದ ಹಾಲಿನ ಪುಡಿ ಬಂದು ಬೀಳುತ್ತದೆ ಎಂದು ಸುದ್ದಿಯಾಯಿತು. ಸಾವಿರ ಹಸು ಸಾಕುವವನ ಎದುರು ಎರಡು ಹಸುವಿನವನು ಉಳಿಯುತ್ತಾನೆಯೇ ಎಂದು ಡೈರಿಯ ಅಧ್ಯಕ್ಷರು ಭಾಷಣ ಮಾಡಿದರು. ಅಜ್ಜಂಪುರದಲ್ಲಿ ರಸ್ತೆ ತಡೆದರೆ ನಿಲ್ಲುವುದು ನಾಲ್ಕು ಬಸ್ಸು. ಹಾಗಾಗಿ ಕಡೂರಿನ ಹೆದ್ದಾರಿಗೆ ಹೊರಟೆವು. ಜನ ಸಾಲದೆ ಕಾಲೊನಿಗೂ ಹೇಳಿ ಕಳಿಸಿದೆವು. ಒಂದೇ ಟ್ರ್ಯಾಕ್ಟರಿನಲ್ಲಿ ಒತ್ತಿಕೊಂಡು ಕೂತು ಹೋದೆವು. ‘ಸಣ್ಣ ರೈತರನ್ನು ಉಳಿಸಿ’ ಎಂಬ ಬೋರ್ಡನ್ನು ಅಕ್ಕನ ಕೈಗೆ ಕೊಟ್ಟೆವು. ನಮ್ಮ ಪೈಕಿ ನೋಡಿದರೆ ಹಾಗೆ ಕಾಣುತ್ತಿದ್ದವಳು ಅವಳೊಬ್ಬಳೇ.

ನಮ್ಮ ದೇಶ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ಕಡೂರಿನಲ್ಲಿ ನಾವು ಅರ್ಧ ಗಂಟೆ ಕೂತದ್ದೇ ಕಾರಣವೆಂದು ಊರಿಗೆಲ್ಲ ಪೇಡ ಹಂಚಿದೆವು.

ಮರುದಿನ ಬೆಳಿಗ್ಗೆ ಅಕ್ಕ ಎಲ್ಲರಿಗಿಂತ ಮೊದಲೇ ಬಂದು, ಸಾಲಿನ ಮುಂದೆ ಕ್ಯಾನಿಟ್ಟು ನಿಂತಿದ್ದಳು.

“ನಿಮ್ದು ಆಮೇಲೆ ಕಣವ್ವ, ಗೊತ್ತಲ್ಲ,” ಅಂದರು ಅಧ್ಯಕ್ಷರು.

“ಹೊರದೇಶದ ಹಾಲು ಬರಬಾರ್ದು ಅಂತ ನಾನೂ ಗಂಟ್ಲು ಹರ್ಕೊಂಡೆ. ನಮ್ದು ಯಾವ ದೇಶದ್ದು ಅಧ್ಯಕ್ಷರೇ?” ಅಂದಳು ಅಕ್ಕ.

ಅಧ್ಯಕ್ಷರು ನನ್ನ ಕಡೆ ನೋಡಿದರು. ಅವಳೂ ನನ್ನನ್ನೇ ನೋಡಿದಳು. ಅಳತೆಯ ಪಾತ್ರೆ ನನ್ನ ಕೈಯಲ್ಲಿತ್ತು.

“ಸ್ವಲ್ಪ ತಡ್ಕೊಳಕ್ಕ,” ಅಂದೆ.

ಅವಳು ತಡೆದುಕೊಳ್ಳಲಿಲ್ಲ. ಕ್ಯಾನು ಎತ್ತಿಕೊಂಡು ಹೋದವಳು ಮತ್ತೆ ಡೈರಿಗೆ ಬರಲಿಲ್ಲ. ನನಗೆ ನಾಚಿಕೆಯಾಯಿತು. ಆಮೇಲೆ ಹಿಂದಿದ್ದವರ ಹಾಲು ಅಳೆದೆ.

ಈಗ ಅವಳು ಹಾಲು ಹಾಕುವುದು ಅಜ್ಜಂಪುರದ ಒಂದು ಹೋಟೆಲಿಗೆ. ಒಂದು ದಿನ ಹಿಂಬಾಗಿಲಲ್ಲಿ ಅವಳು ಹಾಲು ಸುರಿಯುವುದನ್ನು ಕಂಡೆ. ಅವಳೂ ನನ್ನನ್ನು ಕಂಡಳು. ಪೇಟೆಗೆ ಹೋದಾಗ ನಮ್ಮ ಡೈರಿಯವರೆಲ್ಲ ಟೀ ಕುಡಿಯುವುದು ಅಲ್ಲೇ. ಹಾಲು ಗಟ್ಟಿ ಎಂದು ಹೊಗಳಿ ಅಧ್ಯಕ್ಷರು ಎರಡನೇ ಲೋಟ ಹೇಳುತ್ತಾರೆ. ಯಾರ ಮನೆಯ ಹಾಲೆಂದು ನಾನು ಬಾಯಿ ಬಿಟ್ಟಿಲ್ಲ. ಬಿಟ್ಟರೆ ಅವಳ ಹಾಲು ಅಲ್ಲೂ ನಿಂತುಹೋಗುತ್ತದೆ.