ಬಕೆಟ್ ತುಂಬಿಸಿದ ಪಂಪು

ಬೆಳ್ಳಾರೆಯ ಉದಯನ ಕಸುಬು ತೋಟಗಳಿಗೆ ನೀರಿನ ಪಂಪು ಕೂರಿಸುವುದು. ಹುಚ್ಚು ಮಾತ್ರ ಕಾರಿನದು. ಹಳೆಯ ಕಾರಿಗೆ, ಎಂಜಿನ್ನಿನೊಳಗೆ ಗಾಳಿ ಒತ್ತಿ ತುಂಬುವ ಟರ್ಬೊ ಹಾಕಿ, ಎಂಜಿನ್ನನ್ನು ಎಥನಾಲಿಗೆ ಒಗ್ಗಿಸಲು ಹೋಗಿ ಊಟ ನಿದ್ದೆ ಬಿಟ್ಟಿದ್ದ. ಎಥನಾಲು ಪೆಟ್ರೋಲಿಗಿಂತ ಹೆಚ್ಚು ಸುರಿಯಬೇಕು. ಅದಕ್ಕೆಂದೇ ಒಂದೊಂದು ಇಂಧನ ಪಂಪನ್ನೂ ಬಕೆಟಿಗೆ ಹರಿಸಿ ನೋಡಿ, ಎಲ್ಲಕ್ಕಿಂತ ಬೇಗ ತುಂಬಿಸಿದ್ದನ್ನು ಆರಿಸಿದ್ದ.

ಸಂಪಾಜೆಯ ಏರಿನಲ್ಲಿ ಟರ್ಬೊದ ಒತ್ತಡ ಹೆಚ್ಚಿ, ಇಂಧನ ಅದಕ್ಕೆದುರಾಗಿ ನುಗ್ಗಬೇಕಾದಂತೆ ಕಾರು ಕೆಮ್ಮತೊಡಗಿತು. ಹಠಕ್ಕೆ ಬಿದ್ದು ಇನ್ನಷ್ಟು ತುಳಿದ. ಎಂಜಿನ್ ಕಟಕಟಿಸಿ ನಿಂತೇಹೋಯಿತು. ಇಂಧನ ಸಾಲದೆ ಪಿಸ್ಟನ್ ಕರಗಿತ್ತು.

"ಅಷ್ಟು ಒಳ್ಳೆ ಪಂಪು, ಇನ್ನೆಂತ ಸಾವು ಬೇಕು ನಿಂಗೆ?" ಎಂದು ಕಾರಿಗೆ ಒದ್ದು, ರಸ್ತೆಬದಿಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತ.

ಅಷ್ಟರಲ್ಲಿ ಗಿರಾಕಿ ಕೆದಂಬಾಡಿಯ ತ್ಯಾಂಪಣ್ಣನವರ ಫೋನು. "ಉದಯಾ, ತೋಟಕ್ಕೆ ಒಂದು ಪಂಪು ನೋಡಿದ್ದೇನೆ. ಕೆರೆ ಹತ್ರ ಇಟ್ರೆ ಬಕೆಟ್ ತುಂಬಿದ್ದೇ ಗೊತ್ತಾಗುದಿಲ್ಲ, ಅಷ್ಟು ಬೇಗ. ತರುದಾ?"

"ಬಕೆಟ್ ನೋಡಿ ಪಂಪು ತಗೊಳ್ಳುದಾ ಮಾರಾಯ್ರೆ?" ಅಭ್ಯಾಸಬಲದಿಂದ ಉದಯ ಗದರಿದ. "ಬಕೆಟಿಗೆ ಯಾವ ಪಂಪೂ ಬಿಡ್ತದೆ. ಗುಡ್ಡೆ ತುದಿಯ ನಿಮ್ಮ ತೋಟಕ್ಕೆ ಒತ್ತಿ ದೂಡುವ ತಾಕತ್ತು ಉಂಟಾ, ಅದನ್ನು..."

ಉದಯ ಫೋನು ಕಿವಿಯಲ್ಲೇ ಹಿಡಿದು, ತಾನೇ ಬಕೆಟಿಗೆ ಹರಿಸಿ ಆರಿಸಿದ ಪಂಪಿದ್ದ ಕಾರಿನತ್ತ ತಿರುಗಿದ.

"ಹಲೋ? ಅದನ್ನು ಎಂತ ಮಾಡುದು, ಉದಯಾ?" ಎಂದು ತ್ಯಾಂಪಣ್ಣ ಕೇಳುತ್ತಲೇ ಇದ್ದರು.